ಹಸುವಿನ ಲಿವರ್ ಟಾನಿಕ್ ನಾಯಿಗೆ ಹಾಕುವ ಮುನ್ನ

ಹಸು ಈದ ಮೇಲೆ ಮೇವು ಸರಿಯಾಗಿ ತಿನ್ನಲಿಲ್ಲವೆಂದು ತಂದ ಲಿವರ್ ಟಾನಿಕ್ ಅರ್ಧ ಬಾಟಲಿಯಷ್ಟು ಉಳಿದು ಕೊಟ್ಟಿಗೆಯ ಗೂಡಿನಲ್ಲಿ ಕುಳಿತಿರುವುದು ನಮ್ಮ ಹಲವು ಉತ್ಪಾದಕರ ಮನೆಗಳಲ್ಲಿ ಸಾಮಾನ್ಯ. ಮನೆ ಕಾಯುವ ನಾಯಿ ಎರಡು ದಿನ ಅನ್ನ ಮುಟ್ಟದಿದ್ದರೆ ಮೊದಲು ಕೈಗೆ ಸಿಗುವುದೂ ಅದೇ ಬಾಟಲಿ. ‘ಲಿವರಿಗೆ ಒಳ್ಳೇದು ತಾನೇ, ನಾಯಿಗೂ ಎರಡು ಚಮಚ ಹಾಕಿದರೆ ಏನಾಗುತ್ತೆ?’ ಎಂದು ಸಹೋದರಿಯರು ಕೇಳುವುದುಂಟು. ಬಹಳಷ್ಟು ಸಲ ಆ ಎರಡು ಚಮಚದಿಂದ ತಕ್ಷಣ ಏನೂ ಆಗುವುದಿಲ್ಲ. ತೊಂದರೆ ಇರುವುದು ಅಲ್ಲೇ. ಔಷಧ ಹಾಕಿದ್ದೇವೆ ಎಂಬ ಸಮಾಧಾನದಲ್ಲಿ ಮೂರು ನಾಲ್ಕು ದಿನ ಕಳೆದುಹೋಗುತ್ತವೆ. ಯಕೃತ್ತಿನ ಕಾಯಿಲೆಯಲ್ಲಿ ನಾಯಿ ಉಳಿಯುವುದೂ ಸಾಯುವುದೂ ಆ ಮೂರು ನಾಲ್ಕು ದಿನಗಳಲ್ಲೇ ತೀರ್ಮಾನವಾಗಬಹುದು. ಜೊತೆಗೆ, ನಾಯಿಯ ಯಕೃತ್ತು ಕೆಡಿಸುವ ಕಾರಣಗಳಲ್ಲಿ ಎರಡು ನಿಮ್ಮ ಹಸುವಿಗೂ ಮನೆಮಂದಿಗೂ ಸಂಬಂಧಿಸಿದವು.

ಹಳದಿಯನ್ನು ಎಲ್ಲಿ ನೋಡಬೇಕು

ಯಕೃತ್ತು ಕೆಟ್ಟ ನಾಯಿ ಮೊದಲು ಮಂಕಾಗುತ್ತದೆ, ತಿನ್ನುವುದು ಬಿಡುತ್ತದೆ, ವಾಂತಿ ಮಾಡುತ್ತದೆ. ಮೂತ್ರ ಕಾಫಿ ಡಿಕಾಕ್ಷನ್‌ನಂತೆ ಗಾಢವಾಗಬಹುದು. ಆಮೇಲೆ ಕಾಮಾಲೆ ಕಾಣುತ್ತದೆ. ಅದನ್ನು ಹಗಲು ಬೆಳಕಿನಲ್ಲೇ ನೋಡಿ, ಬಲ್ಬಿನ ಬೆಳಕಿನಲ್ಲಿ ಎಲ್ಲವೂ ಹಳದಿಯೇ. ತುಟಿ ಎತ್ತಿ ವಸಡು, ರೆಪ್ಪೆ ಎಳೆದು ಕಣ್ಣಿನ ಬಿಳಿಭಾಗ, ಕಿವಿಯ ಒಳಬದಿ, ಕೂದಲಿಲ್ಲದ ಹೊಟ್ಟೆಯ ಚರ್ಮ ನೋಡಬೇಕು. ಕಾಯಿಲೆ ಹಳೆಯದಾದರೆ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ನಾಯಿ ಗೋಡೆಗೆ ತಲೆ ಒತ್ತಿ ನಿಂತರೆ, ಗುರಿಯಿಲ್ಲದೆ ಸುತ್ತಿದರೆ, ಸಗಣಿ ಡಾಂಬರಿನಂತೆ ಕಪ್ಪಗಾದರೆ ಮರುದಿನದವರೆಗೂ ಕಾಯಬಾರದು.

ಕಾಮಾಲೆ ಎಂದರೆ ಯಕೃತ್ತಿನ ರೋಗವೇ ಎಂದು ಅಂದುಕೊಳ್ಳಬೇಡಿ. ಉಣ್ಣೆಗಳಿಂದ ಬರುವ ಬಬೇಸಿಯಾ ರೋಗದಲ್ಲಿ ಕೆಂಪು ರಕ್ತಕಣಗಳು ಒಡೆದು ನಾಯಿ ಹಳದಿಯಾಗುತ್ತದೆ. ಅಲ್ಲಿ ಬೇಕಾದದ್ದು ರಕ್ತದೊಳಗಿನ ಪರಾವಲಂಬಿಯನ್ನು ಕೊಲ್ಲುವ ಔಷಧ. ಎಂಥ ದುಬಾರಿ ಲಿವರ್ ಟಾನಿಕ್ ಹಾಕಿದರೂ ಉಣ್ಣೆ ಜ್ವರ ಹೋಗದು. ಪಿತ್ತನಾಳ ಕಟ್ಟಿಕೊಂಡರೂ ಹಳದಿಯಾಗುತ್ತದೆ, ಇಲಿ ಜ್ವರದಲ್ಲೂ ಆಗುತ್ತದೆ. ಇವನ್ನು ಬೇರೆಬೇರೆ ಮಾಡಿ ಹೇಳುವುದು ರಕ್ತಪರೀಕ್ಷೆ, ಬೇಕಾದರೆ ಸ್ಕ್ಯಾನಿಂಗ್. ಸ್ಥಳೀಯ ಆಸ್ಪತ್ರೆಯಲ್ಲಿ ಸಾಧ್ಯವಾಗದಿದ್ದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲಿರುವ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ.

ಹಸುವಿನ ಅಳತೆ, ನಾಯಿಯ ಹೊಟ್ಟೆ

ಹಸುವಿಗೆ ದಿನಕ್ಕೆ 50 ಮಿ.ಲೀ. ಎಂದು ಬರೆದಿರುವ ಟಾನಿಕ್ ಇದೆ ಎನ್ನೋಣ. ಅದು 400 ಕಿಲೋ ತೂಕದ ಪ್ರಾಣಿಯ ಲೆಕ್ಕ. ನಿಮ್ಮ ನಾಟಿ ನಾಯಿ 12 ರಿಂದ 15 ಕಿಲೋ. ಭಾಗಿಸಿದರೆ 2 ಮಿ.ಲೀ. ಕೂಡ ಬರುವುದಿಲ್ಲ. ‘ಎರಡು ಚಮಚ’ ಎಂದರೆ ಸುಮಾರು 10 ಮಿ.ಲೀ., ಐದು ಪಟ್ಟಿಗೂ ಹೆಚ್ಚು. ಇಷ್ಟಕ್ಕೂ ತೂಕದಿಂದ ಭಾಗಿಸಿದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ. ಹಸುವಿನ ಹೊಟ್ಟೆಗೆ ಹೋದದ್ದನ್ನು ಮೊದಲು ಮೆಲುಕು ಚೀಲದ ಸೂಕ್ಷ್ಮಜೀವಿಗಳು ಒಡೆಯುತ್ತವೆ. ನಾಯಿಗೆ ಆ ಚೀಲವಿಲ್ಲ, ಎಲ್ಲವೂ ನೇರವಾಗಿ ಕರುಳಿಗೆ, ಅಲ್ಲಿಂದ ಯಕೃತ್ತಿಗೆ. ದನಗಳ ಕೆಲವು ಟಾನಿಕ್‌ಗಳಲ್ಲಿ, ಎಲ್ಲ ಖನಿಜ ಮಿಶ್ರಣಗಳಲ್ಲಿ ತಾಮ್ರ ಸೇರಿರುತ್ತದೆ. ಹಸುವಿಗೆ ಅದು ಬೇಕು. ಲ್ಯಾಬ್ರಡಾರ್, ಡಾಬರ್‌ಮನ್‌ನಂಥ ಕೆಲವು ತಳಿಗಳಲ್ಲಿ ತಾಮ್ರ ಯಕೃತ್ತಿನಲ್ಲೇ ಶೇಖರಗೊಂಡು ಅದನ್ನು ಕೆಡಿಸುತ್ತದೆ. ಲಿವರಿಗೆಂದು ಹಾಕಿದ್ದು ಲಿವರಿಗೇ ಹೊರೆ. ಬಾಟಲಿಯ ಮೇಲೆ ‘ಪಶು ಬಳಕೆಗೆ ಮಾತ್ರ’ ಎಂದಿದ್ದರೆ ಮನುಷ್ಯರು ಕುಡಿಯಬಾರದು ಎಂದರ್ಥ, ಎಲ್ಲ ಪ್ರಾಣಿಗಳಿಗೂ ಆಗುತ್ತದೆ ಎಂದಲ್ಲ.

ಹಾಕುವ ರೀತಿಯೂ ಮುಖ್ಯ. ದನಕ್ಕೆ ಗೊಟ್ಟದಲ್ಲಿ ಎತ್ತಿದಂತೆ ನಾಯಿಯ ಬಾಯಿ ಮೇಲಕ್ಕೆತ್ತಿ ಸುರಿದರೆ ಔಷಧ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. (ದನಕ್ಕೂ ಗೊಟ್ಟದ ಅಭ್ಯಾಸ ಅಷ್ಟೇನೂ ಒಳ್ಳೆಯದಲ್ಲ, ಆ ಮಾತು ಇನ್ನೊಮ್ಮೆ.) ವೈದ್ಯರು ದ್ರವದ ಔಷಧ ಬರೆದುಕೊಟ್ಟಿದ್ದರೆ ಸೂಜಿ ತೆಗೆದ ಸಿರಿಂಜಿನಲ್ಲಿ, ತಲೆ ನೇರವಾಗಿಟ್ಟು, ತುಟಿಯ ಮೂಲೆಯಿಂದ ಕೆನ್ನೆಯ ಒಳಗೆ ಸ್ವಲ್ಪಸ್ವಲ್ಪವೇ ಬಿಡಿ. ವಾಂತಿ ಮಾಡುತ್ತಿರುವ, ತೂಕಡಿಸುತ್ತಿರುವ ನಾಯಿಗೆ ಬಾಯಿಯಿಂದ ಏನನ್ನೂ ಹಾಕಬೇಡಿ.

ನಾಯಿಗೆಂದೇ ಬರುವ ಪೂರಕಗಳು

ನಾಯಿಗೆ ಲಿವರ್ ಪೂರಕಗಳೇ ಇಲ್ಲ ಎಂದಲ್ಲ. ಸಿಲಿಮರಿನ್ ಎಂಬುದು ಮಿಲ್ಕ್ ಥಿಸಲ್ ಎಂಬ ಗಿಡದ ಬೀಜದ ಸಾರ. ಹೆಸರಿನಲ್ಲಿ ಹಾಲಿದ್ದರೂ ನಮ್ಮ ಕಸುಬಿಗೆ ಸಂಬಂಧವಿಲ್ಲ, ಎಲೆಯ ಮೇಲೆ ಹಾಲು ಚೆಲ್ಲಿದಂಥ ಬಿಳಿ ಗೆರೆಗಳಿರುವುದರಿಂದ ಬಂದ ಹೆಸರು. ಎಸ್-ಅಡಿನೋಸಿಲ್ ಮೆಥಿಯೋನಿನ್ ಎಂಬ ಮಾತ್ರೆ ಇನ್ನೊಂದು. ವಿಟಮಿನ್ ಇ ಮತ್ತೊಂದು. ಇವು ಯಕೃತ್ತಿನ ಜೀವಕೋಶಗಳಿಗೆ ಆಗುವ ಹಾನಿಯನ್ನು ಕಡಿಮೆ ಮಾಡಲು ನೆರವಾಗುತ್ತವೆ ಎಂಬ ಕಾರಣಕ್ಕೆ ವೈದ್ಯರು ಮೂಲ ಚಿಕಿತ್ಸೆಯ ಜೊತೆಗೆ ಕೊಡುತ್ತಾರೆ. ಜೊತೆಗೆ ಎಂಬ ಮಾತನ್ನು ಗಮನಿಸಿ. ಇವುಗಳಿಂದಲೇ ರೋಗ ವಾಸಿಯಾಯಿತು ಎಂದು ಹೇಳುವಷ್ಟು ಬಲವಾದ ಪುರಾವೆ ನಾಯಿಗಳಲ್ಲಿ ಇಲ್ಲ.

ಕೊಡುವುದರಲ್ಲಿ ಒಂದೊಂದಕ್ಕೂ ಒಂದೊಂದು ಕಟ್ಟಳೆ. ಎಸ್-ಅಡಿನೋಸಿಲ್ ಮೆಥಿಯೋನಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಇಡಿಯಾಗಿ ನುಂಗಿಸಬೇಕು. ಹೊಟ್ಟೆಯ ಆಮ್ಲದಿಂದ ಕಾಪಾಡಲೆಂದೇ ಅದಕ್ಕೆ ಹೊದಿಕೆ ಕೊಟ್ಟಿರುತ್ತಾರೆ. ಪುಡಿ ಮಾಡಿ ಮೊಸರನ್ನದಲ್ಲಿ ಕಲಸಿದರೆ ದುಡ್ಡು ದಂಡ. ಸಿಲಿಮರಿನ್‌ನಿಂದ ಕೆಲವು ನಾಯಿಗಳಿಗೆ ಭೇದಿಯಾಗಬಹುದು, ಜೊತೆಗೆ ಕೊಡುವ ಬೇರೆ ಔಷಧಗಳು ಯಕೃತ್ತಿನಲ್ಲಿ ಕರಗುವ ವೇಗವನ್ನೂ ಅದು ಬದಲಿಸಬಹುದು. ಆದ್ದರಿಂದ ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿರುವ ನಾಯಿಯಾದರೆ ಮೊದಲೇ ಹೇಳಬೇಕು. ಅರ್ಸೋಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆಯನ್ನೂ ಔಷಧಿ ಅಂಗಡಿಯಲ್ಲಿ ‘ಲಿವರ್ ಮಾತ್ರೆ’ ಎಂದೇ ಕರೆಯುತ್ತಾರೆ. ಅದು ಪೂರಕವಲ್ಲ, ಔಷಧ. ಪಿತ್ತನಾಳ ಪೂರ್ತಿ ಕಟ್ಟಿಕೊಂಡಿರುವಾಗ ಅದನ್ನು ಕೊಟ್ಟರೆ ಅಪಾಯ. ಮನೆಯವರಿಗೆ ಬರೆದುಕೊಟ್ಟದ್ದನ್ನು ನಾಯಿಗೆ ಹಂಚಬೇಡಿ.

ನೆಲನೆಲ್ಲಿ, ನೆಲಬೇವು, ಗರುಗದ ಸೊಪ್ಪು ಕಾಮಾಲೆಗೆ ನಮ್ಮಲ್ಲಿ ಹಿಂದಿನಿಂದ ಬಂದವು. ಅಂಗಡಿಯ ಎಷ್ಟೋ ಟಾನಿಕ್‌ಗಳಲ್ಲಿ ಇರುವುದೂ ಇವೇ. ಸೊಪ್ಪು ಅರೆದು ಹಾಕುತ್ತಾ ಅದರ ಮೇಲೆ ಟಾನಿಕ್ಕನ್ನೂ ಹಾಕಿದರೆ ಒಂದೇ ವಸ್ತು ಎರಡು ದಾರಿಯಲ್ಲಿ ಹೋಗುತ್ತದೆ. ಏನು ಹಾಕಿದ್ದೀರಿ ಎಂದು ವೈದ್ಯರಿಗೆ ಹೇಳಲು ಸಂಕೋಚ ಬೇಡ. ಬೈಸಿಕೊಳ್ಳಬೇಕಾಗಬಹುದು ಎಂದು ಮುಚ್ಚಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ಯಾವ ಔಷಧಕ್ಕೂ ತೂಕ ತಿಳಿದಿರಬೇಕು. ನೀವು ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಒಬ್ಬರೇ ನಿಂತು, ಎರಡನ್ನೂ ಕಳೆದರೆ ಆಯಿತು.

ಗೂಡಿನಲ್ಲಿರುವ ನಿಜವಾದ ವಿಷ

ಟಾನಿಕ್‌ಗಿಂತ ಭಯಪಡಬೇಕಾದದ್ದು ಅದರ ಪಕ್ಕದಲ್ಲಿರುವ ಜ್ವರದ ಬೋಲಸ್. ದನಗಳ ಕೆಲವು ಬೋಲಸ್‌ಗಳಲ್ಲಿ 1500 ಮಿ.ಗ್ರಾಂ. ಪ್ಯಾರಾಸಿಟಮಾಲ್ ಇರುತ್ತದೆ. ನಾಯಿಗೆ ಕಿಲೋ ತೂಕಕ್ಕೆ ಸುಮಾರು 100 ಮಿ.ಗ್ರಾಂ. ತಲುಪಿದರೆ ಯಕೃತ್ತಿಗೆ ಪೆಟ್ಟು ಬೀಳುತ್ತದೆ. 15 ಕಿಲೋ ನಾಯಿಗೆ ಒಂದೇ ಬೋಲಸ್ ಸಾಕು ಎಂದಾಯಿತು. ಮೊದಲೇ ಯಕೃತ್ತು ಸೋತಿದ್ದರೆ ಅಷ್ಟೂ ಬೇಕಿಲ್ಲ. ಬೆಕ್ಕಿಗಂತೂ ಮನುಷ್ಯರ ಒಂದು ಮಾತ್ರೆಯೇ ಪ್ರಾಣ ತೆಗೆಯಬಹುದು. ನೋವಿನ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ. ಸಕ್ಕರೆರಹಿತ ಸಿರಪ್, ಚೂಯಿಂಗ್ ಗಮ್‌ಗಳಲ್ಲಿ ಬಳಸುವ ಝೈಲಿಟಾಲ್ ಎಂಬ ಸಿಹಿ ಮನುಷ್ಯರಿಗೆ ಏನೂ ಮಾಡದು, ನಾಯಿಯಲ್ಲಿ ರಕ್ತದ ಸಕ್ಕರೆ ಕುಸಿದು ಯಕೃತ್ತೇ ಕೈಕೊಡುತ್ತದೆ. ಬಾಟಲಿಯ ಮೇಲೆ ‘ಶುಗರ್ ಫ್ರೀ’ ಎಂದಿದ್ದರೆ ನಾಯಿಯ ಹತ್ತಿರ ತರಲೇಬೇಡಿ.

ಬೂಷ್ಟು ಹಿಡಿದ ಹಿಂಡಿ ನಾಯಿಗೆ, ಕೋಳಿಗೆ

ಮಳೆಗಾಲದಲ್ಲಿ ಹಿಂಡಿ, ಜೋಳದ ನುಚ್ಚು ಬೂಷ್ಟು ಹಿಡಿದರೆ ‘ಹಸುವಿಗೆ ಬೇಡ, ನಾಯಿಗೆ ಹಾಕು’ ಎನ್ನುವುದು ಕೇಳಿಬರುವ ಮಾತು. ಉಳಿಸುವ ಬುದ್ಧಿ ಒಳ್ಳೆಯದೇ, ಆದರೆ ಇಲ್ಲಿ ಸಲ್ಲದು. ಕಡಲೆಕಾಯಿ ಹಿಂಡಿ, ಹತ್ತಿಕಾಳಿನ ಹಿಂಡಿ, ಮೆಕ್ಕೆಜೋಳದ ಮೇಲೆ ಬೆಳೆಯುವ ಒಂದು ಬಗೆಯ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದರ ಗುರಿ ಯಕೃತ್ತು. ಅದನ್ನು ತಡೆದುಕೊಳ್ಳುವ ಶಕ್ತಿ ನಾಯಿಗೆ ತೀರಾ ಕಡಿಮೆ.

1974ರ ಕೊನೆಯ ತಿಂಗಳುಗಳಲ್ಲಿ ರಾಜಸ್ಥಾನ ಮತ್ತು ಗುಜರಾತಿನ 150ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆ ಕಾಣಿಸಿಕೊಂಡು 106 ಜನ ಸತ್ತರು. ಅಕಾಲಿಕ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಬೇರೆ ಗತಿಯಿಲ್ಲದೆ ತಿಂದಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ತನಿಖೆ ಮಾಡಿ ಕಾರಣ ಅಫ್ಲಾಟಾಕ್ಸಿನ್ ಎಂದರು. ಅದೇ ಮನೆಗಳ ರೊಟ್ಟಿ ಹಂಚಿಕೊಂಡು ತಿಂದ ನಾಯಿಗಳಲ್ಲೂ ಅದೇ ಕಾಯಿಲೆ ಕಂಡಿತ್ತು.

ಹಸು ದೊಡ್ಡ ಪ್ರಾಣಿ, ಸ್ವಲ್ಪ ವಿಷ ಹೋದರೆ ಹೊರಗೆ ಏನೂ ತೋರಿಸುವುದಿಲ್ಲ. ಆದರೆ ಒಂದು ದಿನದೊಳಗೆ ಆ ವಿಷ ಎಂ-1 ಎಂಬ ಇನ್ನೊಂದು ರೂಪದಲ್ಲಿ ಹಾಲಿಗೆ ಇಳಿದಿರುತ್ತದೆ. ಕಾಯಿಸಿದರೂ ಹೋಗದು, ಪಾಶ್ಚರೀಕರಣದಿಂದಲೂ ಹೋಗದು. ಆಹಾರ ಸುರಕ್ಷತಾ ಪ್ರಾಧಿಕಾರ ಇಟ್ಟಿರುವ ಮಿತಿ ಕಿಲೋ ಹಾಲಿಗೆ 0.5 ಮೈಕ್ರೋಗ್ರಾಂ. ಹತ್ತು ಲಕ್ಷ ಕಿಲೋ ಹಾಲಿನಲ್ಲಿ ಅರ್ಧ ಗ್ರಾಂ ಎಂದು ಲೆಕ್ಕ ಹಾಕಿಕೊಳ್ಳಿ. ಆ ಹಾಲನ್ನು ಮೊದಲು ಕುಡಿಯುವವರು ನಿಮ್ಮ ಮನೆಯ ಮಕ್ಕಳು. ಹೀಗಾಗಿ ಹಿಂಡಿ ತಿನ್ನುವ ಅಭ್ಯಾಸವಿರುವ ನಾಯಿ ಕಾಮಾಲೆ ಹಿಡಿದು ಮಲಗಿದರೆ ಟಾನಿಕ್ ಬಾಟಲಿ ಹುಡುಕುವ ಮೊದಲು ಹಿಂಡಿ ಚೀಲಕ್ಕೆ ಕೈ ಹಾಕಿ. ಬಿಸಿಯಾಗಿದೆಯೇ, ಗಂಟು ಕಟ್ಟಿದೆಯೇ, ಮುಗ್ಗಲು ವಾಸನೆ ಇದೆಯೇ ನೋಡಿ. ಅನುಮಾನವಿದ್ದರೆ ಆ ಚೀಲವನ್ನು ಅವತ್ತೇ ನಿಲ್ಲಿಸಿ. ವಿಷದ ಮೇವು ನಿಲ್ಲಿಸಿದ ನಾಲ್ಕೈದು ದಿನಗಳಲ್ಲಿ ಹಾಲಿನಲ್ಲಿ ಅದರ ಪ್ರಮಾಣ ಇಳಿಯುತ್ತದೆ. ಬೂಷ್ಟು ಒರೆಸಿ ಬಿಸಿಲಿಗೆ ಹಾಕಿದರೆ ಕಣ್ಣಿಗೆ ಕಾಣುವುದು ಹೋಗುತ್ತದೆ, ವಿಷ ಉಳಿದಿರುತ್ತದೆ. ಕೋಳಿಗೂ ಹಾಕಬೇಡಿ, ಗುಂಡಿ ತೆಗೆದು ಹೂಳಿ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಗೇಣುದ್ದ ದೂರ ಇಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟೇ ಹಿಂಡಿ ತನ್ನಿ.

ಇಲಿ ಜ್ವರವಾದರೆ

ಮೇವಿನ ಮನೆಯಲ್ಲಿ ಇಲಿ ಇದ್ದ ಮೇಲೆ ಲೆಪ್ಟೋಸ್ಪೈರೋಸಿಸ್ ಅನುಮಾನವೂ ಇರಬೇಕು. ಇಲಿಯ ಮೂತ್ರದಿಂದ ನಾಯಿಗೆ, ನಾಯಿಯ ಮೂತ್ರದಿಂದ ಮನುಷ್ಯರಿಗೆ, ದನಗಳಿಗೆ ಹರಡುತ್ತದೆ. ನಾಯಿಗೆ ಜ್ವರ, ವಾಂತಿ, ಕಾಮಾಲೆ, ಮೂತ್ರಪಿಂಡದ ತೊಂದರೆ ಆಗುತ್ತದೆ. ಹಸುವಿನಲ್ಲಿ ಗರ್ಭಪಾತ ಅಥವಾ ಇದ್ದಕ್ಕಿದ್ದಂತೆ ಹಾಲು ಕುಸಿಯುವುದು. ಕೊಟ್ಟಿಗೆ ತೊಳೆಯುವವರು, ನಾಯಿ ಮಲಗಿದ ಜಾಗ ಗುಡಿಸುವವರು ಹೆಚ್ಚಾಗಿ ನೀವೇ. ಕಾಲಿನಲ್ಲಿ ಒಡಕು, ಕೈಯಲ್ಲಿ ಗಾಯ ಇದ್ದರೆ ರೋಗಾಣು ಒಳಗೆ ಹೋಗಲು ಅಷ್ಟೇ ಸಾಕು. ಕಾಮಾಲೆ ಬಂದ ನಾಯಿಯನ್ನು ಮುಟ್ಟುವಾಗ ರಬ್ಬರ್ ಕೈಗವಸು, ಕಾಲಿಗೆ ಬೂಟು ಇರಲಿ. ಮೂತ್ರ ಬಿದ್ದ ಜಾಗಕ್ಕೆ ಬ್ಲೀಚಿಂಗ್ ಪುಡಿಯ ನೀರು ಹಾಕಿ. ಮನೆಯಲ್ಲಿ ಯಾರಿಗಾದರೂ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು ಬಂದರೆ ‘ನಮ್ಮ ನಾಯಿಗೆ ಕಾಮಾಲೆ ಇದೆ’ ಎಂದು ಡಾಕ್ಟರಿಗೆ ಹೇಳಿ. ಆ ಒಂದು ಮಾತಿನಿಂದ ಸರಿಯಾದ ಚಿಕಿತ್ಸೆ ಬೇಗ ಶುರುವಾಗುತ್ತದೆ. ನಾಯಿಗೆ ಪ್ರತಿವರ್ಷ ಹಾಕಿಸುವ ಸಂಯುಕ್ತ ಲಸಿಕೆಯಲ್ಲಿ ಇಲಿ ಜ್ವರದ್ದೂ ಸೇರಿದೆಯೇ ಎಂದು ಕೇಳಿಕೊಳ್ಳಿ. ರೇಬೀಸ್ ಲಸಿಕೆ ಬೇರೆ, ಅದೊಂದನ್ನೇ ಹಾಕಿಸಿದರೆ ಇದಕ್ಕೆ ರಕ್ಷಣೆಯಿಲ್ಲ.

ಚಿಕಿತ್ಸೆ ನಡೆಯುವಾಗ ನಾಯಿಯನ್ನು ಉಪವಾಸ ಕೆಡವಬೇಡಿ. ವಾಂತಿ ನಿಂತ ಮೇಲೆ ಮೆತ್ತಗಿನ ಅನ್ನಕ್ಕೆ ಮೊಸರು ಕಲಸಿ ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪ ಕೊಡಬಹುದು. ಉಪ್ಪು, ಕರಿದ ಎಣ್ಣೆ ಬೇಡ. ಯಕೃತ್ತು ತೀರಾ ಸೋತ ನಾಯಿಗೆ ಮಾಂಸಕ್ಕಿಂತ ಹಾಲಿನ ಪದಾರ್ಥದ ಪ್ರೋಟೀನ್ ಹಗುರ. ಪೂರಕವನ್ನು ಎಷ್ಟು ದಿನ ಕೊಡಬೇಕೆಂಬುದನ್ನು ಮರುಪರೀಕ್ಷೆಯ ರಕ್ತದ ವರದಿ ನೋಡಿ ವೈದ್ಯರು ಹೇಳುತ್ತಾರೆ. ಗೆಲುವಾಗಿ ಓಡಾಡಿತು ಎಂದು ಅರ್ಧಕ್ಕೆ ಬಿಡಬೇಡಿ, ಬಾಟಲಿ ಉಳಿದಿದೆ ಎಂದು ಮುಂದುವರಿಸಲೂಬೇಡಿ.

ಆಸ್ಪತ್ರೆಗೆ ಹೋಗುವಾಗ ನಾಯಿಯ ಜೊತೆಗೆ ಲಸಿಕೆ ಪುಸ್ತಕ, ಈವರೆಗೆ ಹಾಕಿದ ಔಷಧಗಳ ಬಾಟಲಿ ಮತ್ತು ಖಾಲಿ ಪಟ್ಟಿ, ಅದು ತಿನ್ನುತ್ತಿದ್ದ ಹಿಂಡಿಯ ಒಂದು ಹಿಡಿಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಒಯ್ಯಿರಿ. ಪ್ಲಾಸ್ಟಿಕ್ ಕವರಿನಲ್ಲಿ ಹಿಂಡಿ ಬೆವರಿ ದಾರಿಯಲ್ಲೇ ಇನ್ನಷ್ಟು ಬೂಷ್ಟು ಹಿಡಿಯುತ್ತದೆ.