ಅಷ್ಟು ಬಲವಿದ್ದ ಹನುಮಂತ ವಾಲಿಯನ್ನೇಕೆ ಹೊಡೆಯಲಿಲ್ಲ?

ಪ್ರಶ್ನೆ: ನನ್ನ ಮಗಳು ಆರನೇ ಕ್ಲಾಸು. ಕಾಮಿಕ್ಸ್ ಅಂದರೆ ಊಟ ಬಿಡುತ್ತಾಳೆ. ಅಮರಚಿತ್ರಕಥೆಯಲ್ಲಿ ಹನುಮಂತನ ಕತೆ ಓದಿ ಮುಗಿಸಿ ಕೇಳಿದಳು: ‘ಸೂರ್ಯನನ್ನೇ ಹಿಡಿಯೋಕೆ ಹಾರಿದವನು, ವಾಲಿಗೆ ಹೆದರಿ ಸುಗ್ರೀವನ ಜೊತೆ ಗುಡ್ಡದ ಮೇಲೆ ಯಾಕೆ ಅಡಗಿ ಕೂತಿದ್ದ? ಒಂದೇಟು ಹಾಕಬಹುದಿತ್ತಲ್ಲ?’ ನನಗೆ ಉತ್ತರ ತೋಚಲಿಲ್ಲ. ಅವನ ಹಿಂದಿನ ಕತೆ, ಅವನಿಗೆ ಯಾರು ಏನಾಗಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುವಿರಾ?
— ಓದುಗರೊಬ್ಬರು, ಕಂಪ್ಲಿ

ಉತ್ತರ: ನಿಮ್ಮ ಮಗಳಿಗಿಂತ ಮೊದಲು ಇದೇ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿದ್ದಾರೆ. ಸಾಕ್ಷಾತ್ ಶ್ರೀರಾಮ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಯುದ್ಧ ಮುಗಿದು, ಪಟ್ಟಾಭಿಷೇಕವೂ ಆಗಿ, ಅಗಸ್ತ್ಯರು ಅಯೋಧ್ಯೆಗೆ ಬಂದು ಕೂತು ಹಳೆಯ ಕತೆಗಳನ್ನು ಹೇಳುತ್ತಿರುತ್ತಾರೆ. ಆಗ ರಾಮ ತನ್ನ ಮನಸ್ಸಿನಲ್ಲಿದ್ದದ್ದನ್ನು ಕೇಳುತ್ತಾನೆ. ವಾಲಿ, ರಾವಣ ಇಬ್ಬರೂ ಬಲಶಾಲಿಗಳು ನಿಜ, ಆದರೆ ಹನುಮಂತನ ಮುಂದೆ ಅವರೂ ಕಡಿಮೆಯೇ. ಹಾಗಿದ್ದ ಮೇಲೆ ಸುಗ್ರೀವ ಅಷ್ಟು ಕಷ್ಟ ಪಡುತ್ತಿದ್ದಾಗ ಇವನು ವಾಲಿಯನ್ನು ಯಾಕೆ ಸುಟ್ಟುಹಾಕಲಿಲ್ಲ? ಆರನೇ ಕ್ಲಾಸಿನ ಹುಡುಗಿಯ ಅನುಮಾನವೂ ಅಯೋಧ್ಯೆಯ ದೊರೆಯ ಅನುಮಾನವೂ ಒಂದೇ.

ಅಗಸ್ತ್ಯರ ಉತ್ತರವನ್ನು ಒಂದೇ ಮಾತಿನಲ್ಲಿ ಹೇಳಬಹುದು: ತನಗೆ ಅಷ್ಟು ಬಲವಿದೆ ಎಂಬುದು ಹನುಮಂತನಿಗೇ ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ ಎನ್ನುವುದೇ ಅವನ ಹಿಂದಿನ ಕತೆ. ಅದು ಭಕ್ತಿಯ ಕತೆ ಆಮೇಲೆ, ಮೊದಲು ತುಂಟತನದ ಕತೆ.

ಅಂಜನೆ ಹಣ್ಣು ತರಲು ಕಾಡಿಗೆ ಹೋಗಿದ್ದಾಳೆ. ಕೂಸಿಗೆ ಹಸಿವು. ಮೂಡಣದಲ್ಲಿ ಕೆಂಪಗೆ ಹೊಳೆಯುವ ಸೂರ್ಯ ಹಣ್ಣಿನಂತೆ ಕಂಡ. ಹಾರಿತು. ಇಷ್ಟು ನಮಗೆಲ್ಲ ಗೊತ್ತು. ಆದರೆ ಅವತ್ತು ಸೂರ್ಯನನ್ನು ನುಂಗಲು ರಾಹುವಿನ ಪಾಳಿ ಇತ್ತು. ತನ್ನ ಪಾಲಿಗೆ ಯಾರೋ ಕೈ ಹಾಕಿದ್ದಾರೆಂದು ರಾಹು ಇಂದ್ರನ ಹತ್ತಿರ ದೂರು ತೆಗೆದುಕೊಂಡು ಓಡಿದ. ಹನುಮ ರಾಹುವನ್ನು ನೋಡಿ, ಇದೂ ಹಣ್ಣೇ ಇರಬೇಕೆಂದು ಅವನ ಹಿಂದೆ ಬಿದ್ದ. ಇಂದ್ರ ಐರಾವತ ಏರಿ ಬಂದರೆ, ಆ ಬಿಳಿ ಆನೆಯೂ ಇವನ ಕಣ್ಣಿಗೆ ಹಣ್ಣೇ! ಕಡೆಗೆ ಇಂದ್ರನ ವಜ್ರಾಯುಧ ತಗುಲಿ ಎಡದವಡೆ ಮುರಿಯಿತು. ಹನು ಎಂದರೆ ದವಡೆ, ಹೆಸರು ಬಂದದ್ದೇ ಆ ಪೆಟ್ಟಿನಿಂದ.

ಮಗ ಬಿದ್ದದ್ದನ್ನು ಕಂಡ ವಾಯುದೇವ ಏನು ಮಾಡಿದ ಎಂಬುದು ನನಗೆ ಬಹಳ ಇಷ್ಟವಾದ ಭಾಗ. ಅವನು ಯುದ್ಧಕ್ಕೆ ಹೋಗಲಿಲ್ಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಗುಹೆಯೊಳಗೆ ಕೂತುಬಿಟ್ಟ. ಮೂರು ಲೋಕದಲ್ಲಿ ಉಸಿರಾಟ ನಿಂತಿತು. ಗಣಿ ಕಾರ್ಮಿಕರ ಮುಷ್ಕರ ನೋಡಿದ ಸಂಡೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ದೇವತೆಗಳು ಬಂದು ಕೈಮುಗಿದರು, ಒಬ್ಬೊಬ್ಬರೂ ಒಂದೊಂದು ವರ ಕೊಟ್ಟರು. ವಜ್ರಾಯುಧದಿಂದ ಸಾವಿಲ್ಲ, ನೀರಿನಿಂದ ಸಾವಿಲ್ಲ, ಯಮದಂಡದಿಂದ ಸಾವಿಲ್ಲ. ಸೂರ್ಯ ತನ್ನ ತೇಜಸ್ಸಿನ ನೂರರಲ್ಲಿ ಒಂದು ಪಾಲು ಕೊಟ್ಟು, ದೊಡ್ಡವನಾದ ಮೇಲೆ ಶಾಸ್ತ್ರವನ್ನೂ ಕಲಿಸುತ್ತೇನೆಂದ. 1938ರಲ್ಲಿ ಅಮೆರಿಕದ ಕಾಮಿಕ್ಸ್‌ಗೆ ಬಂದ ಸೂಪರ್‌ಮ್ಯಾನ್‌ಗೂ ಕೊನೆಗೆ ಸೂರ್ಯನಿಂದಲೇ ಶಕ್ತಿ ಎಂದು ಬರೆದುಕೊಂಡರು. ನಮ್ಮವನು ಅದೇ ಸೂರ್ಯನ ಮುಂದೆ ಹಿಮ್ಮುಖವಾಗಿ ನಡೆಯುತ್ತ ಉದಯಗಿರಿಯಿಂದ ಅಸ್ತಗಿರಿಯವರೆಗೂ ಹೋಗಿ ವ್ಯಾಕರಣ ಕಲಿತವನು.

ಇಷ್ಟೆಲ್ಲ ವರ ಸಿಕ್ಕ ಹುಡುಗ ಸುಮ್ಮನಿರುತ್ತಾನೆಯೇ? ಋಷಿಗಳ ಆಶ್ರಮಕ್ಕೆ ನುಗ್ಗಿ ಹೋಮದ ಸೌಟು ಮುರಿದ, ಪಾತ್ರೆ ಚೆಲ್ಲಾಪಿಲ್ಲಿ ಮಾಡಿದ, ಒಣಹಾಕಿದ ನಾರುಮಡಿ ಹರಿದ. ಸಾಕುತಂದೆ ಕೇಸರಿ ಬೇಡ ಎಂದ, ವಾಯುವೂ ಬೇಡ ಎಂದ, ಕೇಳಲಿಲ್ಲ. ಕೊಲ್ಲಲು ಬರುವುದಿಲ್ಲ, ಬ್ರಹ್ಮನ ವರವಿದೆ. ಕಡೆಗೆ ಭೃಗು, ಅಂಗಿರಸ ವಂಶದ ಋಷಿಗಳು ಒಂದು ಶಾಪ ಕೊಟ್ಟರು: ನಿನ್ನ ಬಲ ನಿನಗೇ ಮರೆತುಹೋಗಲಿ, ಯಾರಾದರೂ ನೆನಪಿಸಿದಾಗ ಮಾತ್ರ ಅದು ಬೆಳೆಯಲಿ. ವಾಲ್ಮೀಕಿ ಒಂದು ಮಾತು ಸೇರಿಸುತ್ತಾನೆ: ಅವರಿಗೆ ವಿಪರೀತ ಸಿಟ್ಟೇನೂ ಬಂದಿರಲಿಲ್ಲ. ಪಕ್ಕದ ಮನೆಯ ಪೋರನ ಚೆಂಡು ಕಿತ್ತಿಟ್ಟುಕೊಳ್ಳುವ ಅಜ್ಜನ ಸಿಟ್ಟು ಅದು. ಕೇಳಲು ಬಂದರೆ ಕೊಡುತ್ತಾನೆ.

ಆದ್ದರಿಂದ ವಾಲಿಯ ಕಾಲದಲ್ಲಿ ಹನುಮಂತ ಸುಗ್ರೀವನ ಮಂತ್ರಿ ಅಷ್ಟೆ, ಬುದ್ಧಿವಂತ ಮಂತ್ರಿ. ನಿಮ್ಮ ಮಗಳು ಕೇಳಿದ ಆ ಗುಡ್ಡಕ್ಕೆ, ಋಷ್ಯಮೂಕಕ್ಕೆ, ಬಂದರೆ ವಾಲಿಯ ತಲೆ ಸಿಡಿಯುತ್ತದೆಂದು ಮತಂಗ ಮುನಿ ಕೊಟ್ಟಿದ್ದ ಶಾಪವನ್ನು ಸರಿಯಾದ ಹೊತ್ತಿಗೆ ನೆನಪಿಸಿ ಸುಗ್ರೀವನನ್ನು ಅಲ್ಲಿಗೆ ಕರೆತಂದವನು ಅವನೇ. ತಮಾಷೆ ನೋಡಿ, ಇನ್ನೊಬ್ಬರ ಶಾಪ ಅವನಿಗೆ ಚೆನ್ನಾಗಿ ನೆನಪಿದೆ, ತನ್ನದು ಮಾತ್ರ ನೆನಪಿಲ್ಲ.

ಇನ್ನು ಸಂಬಂಧಗಳು. ಇಂಗ್ಲಿಷ್ ಸೂಪರ್‌ಹೀರೋಗಳಲ್ಲಿ ಬಹುಪಾಲು ಜನ ಒಂಟಿಗಳು. ಮುಖವಾಡ ಹಾಕಿಕೊಂಡು ರಾತ್ರಿ ತಿರುಗುತ್ತಾರೆ, ತಾವು ಯಾರೆಂದು ಹತ್ತಿರದವರಿಗೂ ಹೇಳುವುದಿಲ್ಲ. ಹನುಮಂತನದು ಇದಕ್ಕೆ ಉಲ್ಟಾ. ಅವನ ಶಕ್ತಿಯ ಗುಟ್ಟು ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತು. ಪಕ್ಕದಲ್ಲಿ ಬಾಯಿ ಬಿಟ್ಟು ಹೇಳುವವರು ಇರದಿದ್ದರೆ ಅವನು ಒಂದು ಸಾಧಾರಣ ಕಪಿ.

ಹೇಳಿದವನು ಜಾಂಬವಂತ. ಸೀತೆ ಇರುವುದು ನೂರು ಯೋಜನದಾಚೆ ಎಂದು ಸಂಪಾತಿ ಎಂಬ ಹದ್ದಿನಿಂದ ಗೊತ್ತಾದ ಮೇಲೆ ಸಮುದ್ರತೀರದಲ್ಲಿ ಒಂದು ಸಭೆ ನಡೆಯುತ್ತದೆ. ನಾನು ಹತ್ತು ಹಾರಬಲ್ಲೆ, ನಾನು ಇಪ್ಪತ್ತು, ನಾನು ಮೂವತ್ತು ಎಂದು ಹರಾಜು ಕೂಗಿದಂತೆ ಏರುತ್ತದೆ. ಮುದುಕನಾದೆ, ತೊಂಬತ್ತಾಗಬಹುದು ಎನ್ನುತ್ತಾನೆ ಜಾಂಬವಂತ. ನೂರು ಹಾರುತ್ತೇನೆ, ವಾಪಸ್ ಬರುವುದು ಖಾತ್ರಿಯಿಲ್ಲ ಎನ್ನುತ್ತಾನೆ ಅಂಗದ. ಹನುಮಂತ ಮೂಲೆಯಲ್ಲಿ ಮಾತಿಲ್ಲದೆ ಕೂತಿದ್ದಾನೆ. ಮುದಿ ಕರಡಿ ಎದ್ದು ಹೋಗಿ, ಹುಟ್ಟಿದಾಗಿನಿಂದ ನಡೆದದ್ದನ್ನೆಲ್ಲ ಅವನಿಗೇ ಹೇಳುತ್ತದೆ. ನಾವು ಮೇಲೆ ಓದಿದ ಬಾಲ್ಯದ ಕತೆ ರಾಮಾಯಣದಲ್ಲಿ ಮೊದಲ ಬಾರಿ ಬರುವುದೇ ಇಲ್ಲಿ, ಜಾಂಬವಂತನ ಬಾಯಲ್ಲಿ. ಕೇಳುತ್ತ ಕೇಳುತ್ತ ಹನುಮಂತ ಬೆಳೆಯುತ್ತಾನೆ.

ರಾಮನ ಜೊತೆಗಿನ ಸಂಬಂಧ ಶುರುವಾದದ್ದು ಒಂದು ಸಣ್ಣ ಮೋಸದಿಂದ. ಬಿಲ್ಲು ಹಿಡಿದ ಇಬ್ಬರು ವಾಲಿಯ ಗೂಢಚಾರರಿರಬಹುದು ಎಂದು ಸುಗ್ರೀವ ನಡುಗಿದಾಗ, ಹನುಮಂತ ಭಿಕ್ಷುವಿನ ವೇಷದಲ್ಲಿ ಅವರ ಮುಂದೆ ಹೋಗಿ ನಿಂತ. ರಾಮ ಮೆಚ್ಚಿದ್ದು ಬಲವನ್ನಲ್ಲ, ಮಾತನ್ನು. ಇಷ್ಟು ಹೊತ್ತು ಮಾತಾಡಿದರೂ ಒಂದು ಅಪಶಬ್ದ ಬರಲಿಲ್ಲ ನೋಡು ಎಂದು ಲಕ್ಷ್ಮಣನಿಗೆ ಹೇಳುತ್ತಾನೆ. ಲಂಕೆಯಲ್ಲಿ ಸೀತೆಯನ್ನು ಕಂಡಾಗಲೂ ಹನುಮಂತನ ಮೊದಲ ಚಿಂತೆ ಭಾಷೆಯದೇ. ಪಂಡಿತರ ಸಂಸ್ಕೃತದಲ್ಲಿ ಮಾತಾಡಿದರೆ ರಾವಣನೇ ವೇಷ ಹಾಕಿ ಬಂದಿದ್ದಾನೆಂದು ಹೆದರಿಯಾಳು, ಸಾಮಾನ್ಯ ಮನುಷ್ಯರ ಮಾತೇ ಸರಿ ಎಂದು ಮರದ ಮೇಲೆ ಕೂತು ತೀರ್ಮಾನಿಸುತ್ತಾನೆ.

ದೊಡ್ಡವನಾದ ಮೇಲೆ ತುಂಟತನ ಹೋಯಿತೇ ಎಂದರೆ, ಎಲ್ಲಿಯ ಮಾತು! ರಾವಣನ ಅಂತಃಪುರದಲ್ಲಿ ಮಲಗಿದ್ದ ಮಂಡೋದರಿಯನ್ನು ನೋಡಿ, ಇವಳೇ ಸೀತೆ ಎಂದುಕೊಂಡು ಖುಷಿಗೆ ಬಾಲಕ್ಕೆ ಮುತ್ತಿಟ್ಟ, ಹಾಡಿದ, ಕಂಬ ಹತ್ತಿ ಕೆಳಗೆ ಬಿದ್ದ. ಆಮೇಲೆ ತಪ್ಪು ಗೊತ್ತಾಗಿ ನಾಚಿಕೊಂಡ. ಲಂಕೆಗೆ ಬೆಂಕಿ ಹಚ್ಚಿ ಮುಗಿದ ಮೇಲೆ, ಅಯ್ಯೋ ಸೀತೆಯೂ ಸುಟ್ಟುಹೋದಳೋ ಏನೋ, ಕೋತಿ ಬುದ್ಧಿ ತೋರಿಸಿಬಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡ. ವಾಪಸ್ ಬರುವಾಗ ಇಡೀ ದಂಡು ಸುಗ್ರೀವನ ಮಧುವನಕ್ಕೆ ನುಗ್ಗಿ, ಜೇನು ಕುಡಿದು ಮತ್ತೇರಿ, ಕಾವಲಿಗಿದ್ದ ದಧಿಮುಖನನ್ನು ಹಿಡಿದು ಬಡಿಯಿತು. ದಧಿಮುಖ ಬೇರೆ ಯಾರೂ ಅಲ್ಲ, ದೊರೆಯ ಸೋದರಮಾವ. ಅವನು ಅಳುತ್ತ ಬಂದು ದೂರು ಕೊಟ್ಟಾಗ ಸುಗ್ರೀವನಿಗೆ ಸಿಟ್ಟು ಬರಲಿಲ್ಲ, ಕೆಲಸ ಗೆಲ್ಲದೆ ಇವರಿಗೆ ಇಷ್ಟು ಧೈರ್ಯ ಬರುತ್ತಿರಲಿಲ್ಲ ಎಂದು ಖುಷಿಯಾಯಿತು. ಸುಗ್ರೀವ ಆಗ ಇದ್ದದ್ದು ರಾಮನ ಜೊತೆ; ವಾಲಿ ಸತ್ತ ಮೇಲಿನ ಮಳೆಗಾಲವನ್ನು ರಾಮ ಕಳೆದ ಬೆಟ್ಟ ಮಾಲ್ಯವಂತ ಎಂದು ನಮ್ಮ ಕಡೆಯ ನಂಬಿಕೆ. ಕಮಲಾಪುರದಿಂದ ನಿಮ್ಮ ಕಂಪ್ಲಿಗೆ ಬರುವ ರಸ್ತೆಯಲ್ಲಿ ರಘುನಾಥನ ಗುಡಿಯಿರುವ ಗುಡ್ಡ ಅದೇ. ಸೋದರಮಾವ ದೂರು ತಂದು ನಿಂತದ್ದು ಅಲ್ಲೇ ಎಂದು ನಿಮ್ಮ ಮಗಳಿಗೆ ಬಸ್ಸಿನ ಕಿಟಕಿಯಿಂದ ತೋರಿಸಬಹುದು. ನಿಂಬಾಪುರದ ಬಳಿಯ ಬೂದಿಗುಡ್ಡೆಯನ್ನು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ, ಮುಸಿಯನ ಮುಖ ಕಪ್ಪಾದದ್ದು ಬಾಲದ ಬೆಂಕಿಯನ್ನು ಬಾಯಲ್ಲಿಟ್ಟು ಆರಿಸಿದ್ದಕ್ಕೆ ಎನ್ನುತ್ತಾರೆ. ಹೊಸಪೇಟೆ ಸುತ್ತಲಿನ ಹಳ್ಳಿಗಳಲ್ಲಿ ಹನುಮಂತಪ್ಪ, ಅಂಜಿನಪ್ಪ, ಹನುಮಕ್ಕ ಇಲ್ಲದ ಓಣಿ ಸಿಗುವುದು ಕಷ್ಟ.

ಹುಟ್ಟಿದ ಜಾಗದ ಜಗಳಕ್ಕೆ ನಾನು ಹೋಗುವುದಿಲ್ಲ. ಆನೆಗೊಂದಿ ಪಕ್ಕದ ಅಂಜನಾದ್ರಿಗೆ 575 ಮೆಟ್ಟಿಲು, ಹತ್ತಿದವರಿಗೆ ಅನುಮಾನ ಉಳಿಯುವುದಿಲ್ಲ. 2021ರ ರಾಮನವಮಿಗೆ ತಿರುಮಲದವರು ನಮ್ಮ ಬೆಟ್ಟವೇ ಅಂಜನಾದ್ರಿ ಎಂದು ಘೋಷಿಸಿದರು. ನಾಸಿಕದ ಕಡೆಯವರೂ ಗೋಕರ್ಣದ ಕಡೆಯವರೂ ತಮ್ಮದೆನ್ನುತ್ತಾರೆ. ಒಂದು ಕಡೆ ನಿಲ್ಲದವನ ವಿಷಯದಲ್ಲಿ ಇದು ಆಗಬೇಕಾದದ್ದೇ.

ಒಂದು ಕಡೆ ನಿಲ್ಲದ ಈ ಸ್ವಭಾವದ ಬಗ್ಗೆ ಹಂಪಿಯಲ್ಲೇ ಒಂದು ಐತಿಹ್ಯವಿದೆ. ಚಕ್ರತೀರ್ಥದ ಹತ್ತಿರ ವ್ಯಾಸರಾಯರು ಬಂಡೆಯ ಮೇಲೆ ಇದ್ದಿಲಿನಲ್ಲಿ ಹನುಮಂತನನ್ನು ಬರೆಯುತ್ತಿದ್ದರಂತೆ. ಬರೆದು ಮುಗಿಸಿದ ಕೂಡಲೇ ಚಿತ್ರ ಜೀವ ತಳೆದು ಜಿಗಿದು ಓಡುತ್ತಿತ್ತಂತೆ. ಹೀಗೆ ಹನ್ನೆರಡು ದಿನ. ಕಡೆಗೆ ಅವರು ಆರು ಮೂಲೆಯ ಯಂತ್ರ ಬರೆದು ಅದರೊಳಗೆ ಕೂರಿಸಿದರು, ಸುತ್ತ ಒಬ್ಬರ ಬಾಲ ಒಬ್ಬರು ಹಿಡಿದ ಹನ್ನೆರಡು ಕಪಿಗಳು. ಅದೇ ಯಂತ್ರೋದ್ಧಾರಕ ಆಂಜನೇಯ. ಅಲ್ಲಿ ಅವನು ಗದೆ ಎತ್ತಿಲ್ಲ, ಹಾರುತ್ತಿಲ್ಲ, ಪದ್ಮಾಸನ ಹಾಕಿ ಕೂತಿದ್ದಾನೆ. ವ್ಯಾಸರಾಯರ ಮಾಧ್ವ ಪರಂಪರೆಯಲ್ಲಿ ಹನುಮ, ಭೀಮ, ಮಧ್ವ ಮೂವರೂ ವಾಯುವಿನ ಅವತಾರಗಳು. ಮಹಾಭಾರತದಲ್ಲಾದರೆ ಹನುಮ ಭೀಮನಿಗೆ ಅಣ್ಣ. ದಾರಿಗಡ್ಡ ಮಲಗಿದ ಮುದಿ ಕೋತಿಯ ಬಾಲ ಎತ್ತಲಾಗದೆ ತಮ್ಮ ಬೆವೆತ ಕತೆ ನಿಮ್ಮ ಮಗಳಿಗೆ ಗೊತ್ತೇ ಇರುತ್ತದೆ.

ಬೇರೆ ಕಡೆಯ ಹನುಮಂತರು ಇನ್ನೂ ಬೇರೆ. ನಾಗಚಂದ್ರನ ಪಂಪರಾಮಾಯಣ ಸೇರಿದಂತೆ ಜೈನ ಪರಂಪರೆಯಲ್ಲಿ ಕಪಿಗಳು ಕೋತಿಗಳೇ ಅಲ್ಲ, ಬಾವುಟದ ಮೇಲೆ ಕಪಿಯ ಚಿಹ್ನೆಯಿದ್ದ ವಿದ್ಯಾಧರರು. ಥಾಯ್ಲೆಂಡಿನ ರಾಮಕಿಯೆನ್‌ನಲ್ಲಿ ಅವನು ಪಕ್ಕಾ ರಸಿಕ. ಸೇತುವೆ ಕೆಡಿಸಲು ಬಂದ ರಾವಣನ ಮಗಳನ್ನೇ, ಅರ್ಧ ಮೀನಾದವಳನ್ನು, ಒಲಿಸಿಕೊಳ್ಳುತ್ತಾನೆ. ಅದನ್ನು ಓದಲು ನಿಮ್ಮ ಮಗಳು ಸ್ವಲ್ಪ ದೊಡ್ಡವಳಾಗಲಿ.

ಕಾಮಿಕ್ಸ್ ವಿಷಯಕ್ಕೆ ಬರುತ್ತೇನೆ. ಅಮರಚಿತ್ರಕಥೆಯನ್ನು ಬೆಳೆಸಿದ ಅನಂತ ಪೈ 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಆ ಸರಣಿಯ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದವು, ಸಿಂಡ್ರೆಲ್ಲಾಳಂಥ ಹೊರಗಿನ ಕತೆಗಳು. ಅದಕ್ಕೇ ಆಮೇಲೆ ಬಂದ ‘ಕೃಷ್ಣ’ನ ನಂಬರು ಹನ್ನೊಂದು. ಆದರೆ ನಮ್ಮ ಸೀಮೆಯವರಿಗೆ ಹನುಮಂತನನ್ನು ಚೌಕಟ್ಟು ಚೌಕಟ್ಟಾಗಿ ನೋಡುವುದು ಹೊಸದಲ್ಲ. ತೊಗಲುಗೊಂಬೆಯವರು ಪರದೆಯ ಹಿಂದೆ ಅವನನ್ನು ಹಾರಿಸುತ್ತಲೇ ಬಂದಿದ್ದಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೆಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅದಕ್ಕಿಂತ ಹಳೆಯದು ಬೇಕೆಂದರೆ ಹಂಪಿಯ ಹಜಾರರಾಮ ಗುಡಿಗೆ ಹೋಗಿ. ಹದಿನೈದನೇ ಶತಮಾನದ ಮೊದಲ ಭಾಗದ, ಒಂದನೇ ದೇವರಾಯನ ಕಾಲದ ಗುಡಿ. ಪ್ರಾಕಾರದ ಹೊರಗೋಡೆಯಲ್ಲಿ ಆನೆ, ಕುದುರೆ, ದಂಡು, ನರ್ತಕಿಯರ ಸಾಲು. ಒಳಗಿನ ಗುಡಿಯ ಗೋಡೆಯಲ್ಲಿ ಮೂರು ಸಾಲಿನಲ್ಲಿ ರಾಮಾಯಣ. ಒಂದು ಪ್ರದಕ್ಷಿಣೆಗೆ ಇಡೀ ಕತೆ ಮುಗಿಯುವುದಿಲ್ಲ, ಮೂರು ಸುತ್ತು ಬರಬೇಕು. ಮಾತಿನ ಗುಳ್ಳೆಗಳಿಲ್ಲದ ಕಾಮಿಕ್ಸ್ ಅದು. ಅಪ್ಪನೋ ಅಜ್ಜಿಯೋ ಪಕ್ಕದಲ್ಲಿ ನಿಂತು ಹೇಳುತ್ತ ಹೋದರೆ ಮಾತ್ರ ಚಿತ್ರಗಳು ಅಲ್ಲಾಡುತ್ತವೆ. ಗೈಡ್ ಬೇಡ, ನೀವೇ ಹೇಳಿ. ಎರಡು ಕತೆ ತಪ್ಪಾದರೆ ಮಗಳು ತಿದ್ದುತ್ತಾಳೆ.

ಹಂಪಿ ನೋಡಿ ಮನೆಗೆ ಮರಳುವ ಮುನ್ನ ಸಮಯ ಉಳಿದರೆ, ದರೋಜಿ ಕರಡಿಧಾಮಕ್ಕೂ ಹೋಗಿಬನ್ನಿ. 1994ರಲ್ಲಿ ಆದದ್ದು. ಮಧ್ಯಾಹ್ನ ಕಳೆಯುವ ಹೊತ್ತಿಗೆ ವೀಕ್ಷಣಾ ಗೋಪುರದ ಮೇಲೆ ಸದ್ದು ಮಾಡದೆ ಕೂತರೆ, ಅರಣ್ಯ ಇಲಾಖೆಯವರು ಬಂಡೆಗೆ ಬಳಿದ ಬೆಲ್ಲದ ಪಾಕ ನೆಕ್ಕಲು ಜಾಂಬವಂತನ ಕಡೆಯವರು ಮರಿಗಳನ್ನು ಬೆನ್ನಮೇಲೆ ಹೊತ್ತು ಒಬ್ಬೊಬ್ಬರಾಗಿ ಇಳಿದು ಬರುತ್ತಾರೆ.