ಮೇಲಿನ ಒಡ್ಡು ಕಾಣಲಿಲ್ಲ

ಪುಣೆ

ಚಿರಂಜೀವಿ ತಮ್ಮನಿಗೆ,

ನೀನು ಕಳಿಸಿದ ಚಿತ್ರಗಳನ್ನು ನಿನ್ನ ಕಾಕಿ ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ಫಾರ್ಮಿಂಗ್ ಸಿಮ್ಯುಲೇಟರ್ ಆಟದೊಳಗೆ ನಮ್ಮೂರ ಎರಿ ಹೊಲವನ್ನೇ ಕೂರಿಸುತ್ತಿದ್ದೀಯಂತೆ. ಬೇವಿನ ಮರ, ಹನುಮಪ್ಪನ ಗುಡಿ, ಕಣದ ಪಕ್ಕದ ಬಣವೆ ಎಲ್ಲ ಗುರುತು ಸಿಕ್ಕವು. ಊರು ಬಿಟ್ಟು ಬಂದು 40 ವರ್ಷ ಪರರ ನಕ್ಷೆ ಬರೆದವನು ನಾನು. ನಮ್ಮ ಹೊಲದ ನಕ್ಷೆ ಹೀಗೆ ಎದ್ದು ನಿಂತದ್ದು ನೋಡಿ ಕಣ್ಣು ತುಂಬಿ ಬಂತು. ಆದರೆ ಮೇಲಿನ ಒಡ್ಡು ಎಲ್ಲೂ ಕಾಣಲಿಲ್ಲವಲ್ಲ?

ಒಡ್ಡಿನ ಬಗ್ಗೆ ಕೇಳಿದ್ದಕ್ಕೆ ನೀನು, ಎತ್ತರವನ್ನೆಲ್ಲ ಆಕಾಶದಿಂದ ಅಳೆದ ಲೆಕ್ಕದಿಂದಲೇ ತೆಗೆದುಕೊಂಡಿದ್ದೇನೆ, ತಪ್ಪಿರಲಾರದು ಎಂದೆ. 2000ದ ಫೆಬ್ರವರಿಯಲ್ಲಿ ಅಮೆರಿಕದ ಶಟಲ್ ನೌಕೆ 11 ದಿನ ಭೂಮಿ ಸುತ್ತಿ ರೇಡಾರಿನಿಂದ ಅಳೆದದ್ದು ಅದು. ದೊಡ್ಡ ಕೆಲಸವೇ ಸರಿ. ಆದರೆ ಅದರ ಒಂದು ಚೌಕವೆಂದರೆ 30 ಮೀಟರ್ ಉದ್ದ, 30 ಮೀಟರ್ ಅಗಲ. ನಮ್ಮ ಲೆಕ್ಕಕ್ಕೆ ಹೆಚ್ಚುಕಡಿಮೆ 9 ಗುಂಟೆ. ಅಷ್ಟಕ್ಕೂ ಸೇರಿ ಒಂದೇ ಎತ್ತರ! ಗುಡ್ಡ ಸಿಗುತ್ತದೆ, ಹಳ್ಳವೂ ಸಿಕ್ಕೀತು. ಮೊಣಕಾಲೆತ್ತರದ ಒಡ್ಡು ಹೇಗೆ ಸಿಗಬೇಕು?

ಲೆಕ್ಕ ನೆಲಕ್ಕೆ ಹೊಂದದಿರುವುದು ಹೊಸದೇನಲ್ಲ. ಈ ಪುಣೆ ಜಿಲ್ಲೆಯಲ್ಲೇ 1828ರ ಸುಮಾರಿಗೆ ಪ್ರಿಂಗಲ್ ಎಂಬ ಅಧಿಕಾರಿ ಹೊಲಹೊಲದ ಖರ್ಚು, ಪೀಕು ಎಲ್ಲ ಕೂಡಿಸಿ ಕಳೆದು ಕಂದಾಯ ಕಟ್ಟಿದ. ಕಾಗದದ ಮೇಲೆ ಚೊಕ್ಕ ಲೆಕ್ಕ, ನೆಲಕ್ಕೆ ಹೊಂದಲಿಲ್ಲ. ರೈತರು ಹೊಲ ಬಿಟ್ಟು ಹೋದರು. 1836ರ ಸುಮಾರಿಗೆ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಅಳತೆಯನ್ನು ಹೊಸದಾಗಿ ಶುರು ಮಾಡಿದರು. ಅವರ ಪದ್ಧತಿಯಲ್ಲಿ ಮಣ್ಣಿನ ಆಳ ನೋಡುತ್ತಿದ್ದರು. ನೆಲ ಇಳಿಜಾರಿದ್ದರೆ, ಹರಿವ ನೀರು ಮೇಲೆ ನುಗ್ಗುವಂತಿದ್ದರೆ ಅದನ್ನೂ ದೋಷವೆಂದು ಬರೆದು ದರ್ಜೆ ಇಳಿಸುತ್ತಿದ್ದರು. ಆ ಪದ್ಧತಿಯೇ ಧಾರವಾಡದ ಕಡೆಗೂ ಬಂತು. 33 ಅಡಿಯ ಅಳತೆ ಸರಪಳಿ, ಅದರಲ್ಲಿ ಆಣೆ ಎಂಬ 16 ಭಾಗ. ನಮ್ಮ ಹೊಲದ ಅಳತೆ ಟಿಪ್ಪಣಿಯಲ್ಲಿ ನೀನೂ ನೋಡಿರಬೇಕು.

ಇದನ್ನೆಲ್ಲ ಓದಿ ಬಲ್ಲವನೇ ನಾನು ತಪ್ಪಿದ್ದೇನೆ. ನಿನ್ನಪ್ಪನೂ ನಾನೂ ಪಾಲಾದಾಗ ಅಣ್ಣ, "ನೀ ಕಲಿತಾಂವ, ನೀನೇ ಗೆರಿ ಹಾಕು" ಅಂದ. ಪುಣೆಯಲ್ಲೇ ಕೂತು, ಟಿಪ್ಪಣಿ ಮುಂದಿಟ್ಟುಕೊಂಡು ಹಾಕಿದೆ. ಗುಂಟೆ ಸಮ ಬಂದವು, ಗೆರೆ ನೆಟ್ಟಗೆ ಬಂತು. ಆ ಗೆರೆ ಅಜ್ಜ ಹಾಕಿಸಿದ್ದ ಆ ಮೇಲಿನ ಒಡ್ಡನ್ನು ನಡುವೆ ಸೀಳಿತ್ತು. ಕೂರಿಗೆ ಸಲೀಸಾಗಿ ಹೋಗಲಿ ಎಂದು ಅಡ್ಡ ಬಂದ ಒಡ್ಡನ್ನು ತೆಗೆಸಿದೆವು. ಆ ವರ್ಷ ಉತ್ತರಿ ಮಳೆಗೆ ಮೇಲಿನ ಹೊಲಗಳ ನೀರೆಲ್ಲ ಅಲ್ಲೇ ನುಗ್ಗಿ ಅಣ್ಣನ ಪಾಲಿನಲ್ಲಿ ಕೊರಕಲು ಬಿತ್ತು. ಎರಿ ಮಣ್ಣು ಹಳ್ಳಕ್ಕೆ ಹೋಗಿ ಕೆಳಗಿನ ಗರಸು ಕಂಡಿತು. "ಮಳಿ ಭಾಳ ಜೋರಿತ್ತು" ಅಂದನೇ ಹೊರತು ಅಣ್ಣ ಬೇರೆ ಮಾತಾಡಲಿಲ್ಲ. ಒಡ್ಡು ಮತ್ತೆ ಹಾಕಿಸಿದ, ಅವನೊಬ್ಬನೇ ಖರ್ಚು ಹಾಕಿಕೊಂಡು. ನಾನೂ ಬಾಯಿ ಬಿಡಲಿಲ್ಲ. ತಪ್ಪು ನನ್ನದೇ ಇತ್ತು.

ಆದ್ದರಿಂದ ಹೇಳುತ್ತೇನೆ ಮಗು, ಟ್ರ್ಯಾಕ್ಟರು, ದಾರಿ, ಮನೆ ಎಲ್ಲ ಆಮೇಲೆ ಇಡು. ಮೊದಲು ನೀರಿನ ದಾರಿ ಹಾಕು. ನೀರು ಎಲ್ಲಿ ಒಳಗೆ ಬರುತ್ತದೆ, ಎಲ್ಲಿ ತಡೆಯುತ್ತದೆ, ಯಾವ ಕೋಡಿಯಿಂದ ಹೊರಬೀಳುತ್ತದೆ ತಿಳಿದರೆ ಹೊಲದ ಆಕಾರ ತಾನಾಗಿ ಬರುತ್ತದೆ. ಆಟದ ನಕ್ಷೆ ಮಾಡುವ ಎಡಿಟರಿನಲ್ಲಿ ನೆಲವನ್ನು ಕೈಯಿಂದ ಎತ್ತಬಹುದಂತಲ್ಲ, ಒಡ್ಡನ್ನು ಹಾಗೆ ನೀನೇ ಎಬ್ಬಿಸಬೇಕು. ದೊಡ್ಡ ಯಂತ್ರ ತಿರುಗುವುದಿಲ್ಲವೆಂದು ಪಟ್ಟಿ ಹೊಲಗಳನ್ನು ಕೂಡಿಸಿ ಒಂದು ಮಾಡಬೇಡ. ಅಣ್ಣತಮ್ಮಂದಿರು ಪಾಲಾಗಿ ಹಾಗಾದ ಹೊಲಗಳು ಅವು.

ಇಲ್ಲಿ ಮುಠಾ ನದಿ ತುಂಬಿ ಹರಿಯುತ್ತಿದೆ. ಈ ನೀರು ಭೀಮೆಗೆ ಸೇರಿ ಕರ್ನಾಟಕಕ್ಕೇ ಬರುತ್ತದೆ. ಮಳೆ ಬಿದ್ದ ದಿನ ಅಪ್ಪನ ಜೊತೆ ಒಡ್ಡಿನಗುಂಟ ಒಮ್ಮೆ ನಡೆದು ಬಾ, ಚಪ್ಪಲಿ ಕೈಯಲ್ಲಿ ಹಿಡಿದುಕೋ. ಇದನ್ನೆಲ್ಲ ಯಾಕೆ ಕೇಳುತ್ತಿ ಎಂದು ಅಪ್ಪ ಅಂದರೆ, ಕಾಕಾ ಕೇಳಲು ಹೇಳಿದ್ದಾನೆ ಎನ್ನು. ಸೀಗಿ ಹುಣ್ಣಿಮೆಗೆ ಬರುತ್ತೇನೆ. ಉಳಿದದ್ದು ಅಣ್ಣನ ಎದುರಿಗೇ ಕೂತು ಹೇಳುತ್ತೇನೆ.

ಇತಿ,
ನಿನ್ನ ಕಾಕಾ