ಬಾಲಮಂದಿರದಲ್ಲಿ ರಾತ್ರಿ ಯಾರಿರುತ್ತಾರೆ?

ಪ್ರಶ್ನೆ: ನಮ್ಮೂರಿನ ಅಕ್ಕತಂಗಿಯರಿಬ್ಬರು ತಂದೆತಾಯಿಯನ್ನು ಕಳೆದುಕೊಂಡು ಅಜ್ಜಿಯ ಜೊತೆಗಿದ್ದಾರೆ. ದೊಡ್ಡವಳಿಗೆ ಒಂಬತ್ತು, ಚಿಕ್ಕವಳಿಗೆ ಆರು. ಅಜ್ಜಿಗೆ ಈಗ ಕೂಲಿಗೆ ಹೋಗಲು ಆಗುತ್ತಿಲ್ಲ. ಕೊಪ್ಪಳದ ಬಾಲಮಂದಿರಕ್ಕೆ ಸೇರಿಸಿ ಎಂದು ಕೆಲವರು ಹೇಳಿದರೆ, ಅಲ್ಲಿ ನೋಡಿಕೊಳ್ಳುವವರು ಯಾರು ಎಂದು ಇನ್ನು ಕೆಲವರು ಹೆದರಿಸುತ್ತಾರೆ. ಅಲ್ಲಿ ಎಷ್ಟು ಸಿಬ್ಬಂದಿ ಇರಬೇಕು? ಹಾಸ್ಟೆಲಿಗೂ ಅದಕ್ಕೂ ಏನು ವ್ಯತ್ಯಾಸ?
– ಓದುಗರೊಬ್ಬರು, ಯಲಬುರ್ಗಾ ತಾಲ್ಲೂಕು

ಉತ್ತರ: ಮೊದಲು ಹಾಸ್ಟೆಲಿನ ಮಾತು. ನಿಮ್ಮ ಜಿಲ್ಲೆಗೆ ಹಾಸ್ಟೆಲ್ ಹೊಸದಲ್ಲ. ಕೊಪ್ಪಳದ ಗವಿಮಠದಲ್ಲಿ ಸಾವಿರಾರು ಮಕ್ಕಳು ಉಂಡು, ಉಳಿದು, ಓದುತ್ತಿದ್ದಾರೆ. ಗಂಗಾವತಿ, ಕುಷ್ಟಗಿಗಳಲ್ಲಿ ಸರ್ಕಾರಿ ವಿದ್ಯಾರ್ಥಿ ನಿಲಯಗಳಿವೆ. ಅಲ್ಲಿಗೆ ಮಗುವನ್ನು ಬಿಡುವವರೂ ಮನೆಯವರೇ, ಹಬ್ಬಕ್ಕೆ ಕರೆತರುವವರೂ ಮನೆಯವರೇ. ಬಾಲಮಂದಿರಕ್ಕೆ ಹಾಗೆ ಬಿಟ್ಟುಬರಲು ಆಗುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರಿರುವ ಈ ಸಮಿತಿ ಮನೆಯ ಸ್ಥಿತಿಗತಿ ವಿಚಾರಿಸಿ ವರದಿ ತರಿಸಿಕೊಳ್ಳುತ್ತದೆ, ಮಗುವಿನ ಮಾತನ್ನೂ ಕೇಳುತ್ತದೆ, ಆಮೇಲೆ ಆದೇಶ ಹೊರಡಿಸುತ್ತದೆ. ಆ ಆದೇಶವಿಲ್ಲದೆ ಮಕ್ಕಳನ್ನು ಇಟ್ಟುಕೊಳ್ಳುವ ಮನೆ ಎಷ್ಟೇ ಚೆಂದವಿದ್ದರೂ ನಂಬಬೇಡಿ. ಖಾಸಗಿ ಅನಾಥಾಶ್ರಮವಾದರೆ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ನೋಂದಣಿ ಇಲ್ಲದೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಉಂಟು. ಎಲ್ಲ ಸಂಸ್ಥೆಗಳ ನೋಂದಣಿಯನ್ನು ವರ್ಷಾಂತ್ಯದೊಳಗೆ ಮುಗಿಸಬೇಕೆಂದು 2017ರ ಮೇ 5ರಂದು ಸುಪ್ರೀಂ ಕೋರ್ಟ್ ಕೂಡ ಹೇಳಿತ್ತು.

ಇನ್ನು ಸಿಬ್ಬಂದಿ. 2016ರ ಕೇಂದ್ರ ಮಾದರಿ ನಿಯಮಗಳು ನೂರು ಮಕ್ಕಳ ಮನೆಗೆ 25 ಹುದ್ದೆಗಳನ್ನು ಸೂಚಿಸುತ್ತವೆ. ಅಧೀಕ್ಷಕರು ಒಬ್ಬರು, ಪರಿವೀಕ್ಷಣಾಧಿಕಾರಿ ಅಥವಾ ಮಕ್ಕಳ ಕಲ್ಯಾಣಾಧಿಕಾರಿಗಳು ಮೂವರು, ಆಪ್ತಸಮಾಲೋಚಕರು ಇಬ್ಬರು, ಗೃಹಮಾತೆ ಅಥವಾ ಗೃಹಪಿತರು ನಾಲ್ವರು, ಪಾಠ ಹೇಳುವವರು ಇಬ್ಬರು, ನರ್ಸ್ ಒಬ್ಬರು, ಕರೆದಾಗ ಬರುವ ವೈದ್ಯರು ಒಬ್ಬರು. ಅಡುಗೆಗೆ, ಸಹಾಯಕ್ಕೆ, ಸ್ವಚ್ಛತೆಗೆ ತಲಾ ಇಬ್ಬರು. ಉಗ್ರಾಣ, ಕರಕುಶಲ, ಯೋಗ, ವಾಹನ, ತೋಟ ನೋಡಿಕೊಳ್ಳಲು ಒಬ್ಬೊಬ್ಬರು. ಬಾಲಕಿಯರ ಮನೆಯಲ್ಲಿ ಅಧೀಕ್ಷಕರಿಂದ ಹಿಡಿದು ಎಲ್ಲರೂ ಮಹಿಳೆಯರೇ ಆಗಿರಬೇಕು.

ನಾಲ್ಕು ಮಕ್ಕಳಿಗೆ ಒಬ್ಬರು ಎಂದರೆ ಒಳ್ಳೆಯ ಲೆಕ್ಕವೇ ಅನ್ನಿಸುತ್ತದೆ. ಆದರೆ ತಲೆ ಬಾಚುವುದು, ಜ್ವರ ಬಂದರೆ ಪಕ್ಕದಲ್ಲಿ ಕೂರುವುದು, ಹಾಸಿಗೆ ಒದ್ದೆ ಮಾಡಿಕೊಂಡವಳಿಗೆ ಬೈಯದೆ ಬಟ್ಟೆ ಬದಲಿಸುವುದು, ಇವೆಲ್ಲ ಬೀಳುವುದು ಆ ನಾಲ್ವರು ಗೃಹಮಾತೆಯರ ಮೇಲೆ. ವಾರಕ್ಕೆ 168 ಗಂಟೆ. ಒಬ್ಬೊಬ್ಬರು 48 ಗಂಟೆ ದುಡಿದರೆ ನಾಲ್ವರದೂ ಸೇರಿ 192 ಗಂಟೆ. ಅಂದರೆ ಯಾವುದೇ ಹೊತ್ತಿನಲ್ಲಿ ನೂರು ಮಕ್ಕಳ ನಡುವೆ ಇರುವವರು ಸರಾಸರಿ ಒಬ್ಬರಿಗಿಂತ ತುಸು ಹೆಚ್ಚು, ಅಷ್ಟೇ. ಒಬ್ಬರು ರಜೆ ಹಾಕಿದರೆ ಉಳಿದ ಮೂವರದು 144 ಗಂಟೆ. ಒಬ್ಬರೂ ಪೂರ್ತಿ ಸಿಗಲಿಲ್ಲ. ಎಲ್ಲ ಹುದ್ದೆ ತುಂಬಿದ ಮನೆಯ ಲೆಕ್ಕವೇ ಇದು. ಆ ಕೊರತೆಯನ್ನು ಗೃಹಮಾತೆಯರು ತಮ್ಮ ನಿದ್ದೆಯಿಂದ ತುಂಬಿಕೊಡಬೇಕಾಗುತ್ತದೆ. ಮೇಲಾಗಿ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಬರುವ ಹುದ್ದೆಗಳು ಗುತ್ತಿಗೆ ನೆಲೆಯವು. ಒಳ್ಳೆಯ ಸಂಬಳ ಬೇರೆಡೆ ಸಿಕ್ಕರೆ ಗೃಹಮಾತೆ ಹೋಗುತ್ತಾರೆ, ಮಗು ಮತ್ತೊಬ್ಬರಿಗೆ ಹೊಂದಿಕೊಳ್ಳಬೇಕು.

ಆಳು ಬದಲಾದರೆ ಏನಾಯಿತು, ಊಟ ಬಟ್ಟೆ ಸಿಗುತ್ತದಲ್ಲ ಎನ್ನಬಹುದು. ಆದರೆ ಅಷ್ಟೇ ಸಾಲದು. ರುಮೇನಿಯಾದ ಬುಖಾರೆಸ್ಟ್ ನಗರದ ಅನಾಥಾಲಯಗಳ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಸಂಶೋಧಕರು ಪೋಷಕ ಕುಟುಂಬಗಳಿಗೆ ಕೊಟ್ಟು, ಎರಡೂ ಗುಂಪುಗಳನ್ನು ವರ್ಷಗಟ್ಟಲೆ ಗಮನಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕುಟುಂಬಕ್ಕೆ ಹೋದ ಮಕ್ಕಳ ಬುದ್ಧಿ ಬೆಳವಣಿಗೆ ಮುಂದಿತ್ತು. ಎಷ್ಟು ಬೇಗ ಹೋದರೋ ಅಷ್ಟು ಲಾಭ. ದಿನವೂ ಅದೇ ಮುಖ ಕಾಣುವುದು ಮಗುವಿಗೆ ಅನ್ನದಷ್ಟೇ ಅಗತ್ಯ.

ಪಾಲನೆಯ ಬಗ್ಗೆ ನಿಯಮಗಳೇನೂ ಕಡಿಮೆಯಿಲ್ಲ. ಪ್ರತಿ ಮಗುವಿಗೂ ಬೇರೆಯಾಗಿ ಪಾಲನಾ ಯೋಜನೆ ಬರೆಯಬೇಕು. ಏಳು ಮಕ್ಕಳಿಗೊಂದು ಶೌಚಾಲಯ, ಹತ್ತು ಮಕ್ಕಳಿಗೊಂದು ಸ್ನಾನಗೃಹ ಬೇಕು. ಊಟದ ಪಟ್ಟಿಯಲ್ಲಿ ಅಕ್ಕಿಯ ಜೊತೆ ಗೋಧಿ, ರಾಗಿ ಅಥವಾ ಜೋಳ ಇರಲೇಬೇಕು. ರೊಟ್ಟಿ ಉಂಡು ಬೆಳೆದ ನಿಮ್ಮ ಕಡೆಯ ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ. ವಯಸ್ಸಿಗೆ ತಕ್ಕಂತೆ ಮಕ್ಕಳದೇ ಮೂರು ಸಮಿತಿಗಳು, ಒಂದು ಸಲಹಾ ಪೆಟ್ಟಿಗೆ ಇರಬೇಕು. ಹೊಡೆಯುವಂತಿಲ್ಲ. ಶಿಸ್ತಿನ ಹೆಸರಿನಲ್ಲಿ ಹೊಡೆದ ಸಿಬ್ಬಂದಿಗೆ ಮೊದಲ ಸಲ ಹತ್ತು ಸಾವಿರ ರೂಪಾಯಿ ದಂಡ, ಮತ್ತೆ ಹೊಡೆದರೆ ಮೂರು ತಿಂಗಳವರೆಗೆ ಜೈಲು. ಕ್ರೌರ್ಯವೆಸಗಿದರೆ ಐದು ವರ್ಷದವರೆಗೂ ಶಿಕ್ಷೆಯಿದೆ. ಮೂರು ತಿಂಗಳಿಗೊಮ್ಮೆಯಾದರೂ ತಪಾಸಣಾ ಸಮಿತಿ ಬಂದು ನೋಡಬೇಕು, ಆ ತಂಡದಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಕಡ್ಡಾಯ.

ನಿಮ್ಮೂರಿನ ಆ ಇಬ್ಬರು ಮಕ್ಕಳ ವಿಷಯಕ್ಕೆ ಬರೋಣ. ಬಾಲಮಂದಿರ ಕೊನೆಯ ದಾರಿಯಾಗಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಅಜ್ಜಿಗೆ ಮನಸ್ಸಿದೆ, ದುಡ್ಡಿಲ್ಲ ಎನ್ನುವುದಷ್ಟೇ ತೊಂದರೆಯಾದರೆ ಮಕ್ಕಳನ್ನು ಕಳಿಸಬೇಡಿ. ತಂದೆತಾಯಿ ಇಲ್ಲದೆ ಬಂಧುಗಳ ಮನೆಯಲ್ಲಿರುವ ಮಕ್ಕಳಿಗೂ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಯೋಜನೆ ಇದೆ: ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯ ಕುಟುಂಬವಾದರೆ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು, ಮಕ್ಕಳು ಶಾಲೆಗೆ ಹೋಗುತ್ತಿರಬೇಕು. ಕೊಪ್ಪಳದಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಿ. ಊರಿನ ಅಂಗನವಾಡಿ ಕಾರ್ಯಕರ್ತೆಯ ನೆರವು ಕೇಳಿ.

ಅಜ್ಜಿಗೆ ನಿಜಕ್ಕೂ ಆಗದಿದ್ದರೆ ಬಾಲಮಂದಿರಕ್ಕೆ ಸೇರಿಸುವುದು ಪಾಪವಲ್ಲ, ಮಕ್ಕಳನ್ನು ಜೀವದಂತೆ ನೋಡಿಕೊಳ್ಳುವ ಗೃಹಮಾತೆಯರೂ ಇದ್ದಾರೆ. ಅಕ್ಕತಂಗಿಯರನ್ನು ಅಗಲಿಸಬೇಡಿ ಎಂದು ಸಮಿತಿಯ ಮುಂದೆ ಬಾಯಿಬಿಟ್ಟು ಹೇಳಿ. ಹೋದಾಗ ಎಷ್ಟು ಹುದ್ದೆ ಇವೆ ಎಂದು ಕೇಳುವುದಕ್ಕಿಂತ ರಾತ್ರಿ ಯಾರು ಇರುತ್ತಾರೆ, ಅವರು ಎಷ್ಟು ವರ್ಷದಿಂದ ಇದ್ದಾರೆ, ಕಳೆದ ತಪಾಸಣೆ ಯಾವಾಗ ನಡೆಯಿತು ಎಂದು ಕೇಳಿ. ಬಂಧುಗಳು ತಿಂಗಳಿಗೊಮ್ಮೆ ನೋಡಿಬರಲು ನಿಯಮದಲ್ಲೇ ಅವಕಾಶವಿದೆ, ಅದನ್ನು ತಪ್ಪಿಸಬೇಡಿ. ಹುಟ್ಟುಹಬ್ಬಕ್ಕೆ ಸಿಹಿ ಹಂಚಲು ಹೋಗುವವರಿಗೂ ಒಂದು ಮಾತು: ಆ ಮಕ್ಕಳ ಫೋಟೊ, ಹೆಸರನ್ನು ವಾಟ್ಸ್‌ಆ್ಯಪಿನಲ್ಲಿ ಹಾಕುವುದು ಅಪರಾಧ.

ಯಾವ ಮನೆಯಲ್ಲಾದರೂ ಮಗುವಿಗೆ ಹಿಂಸೆಯಾಗುತ್ತಿದೆ ಎಂದು ತಿಳಿದರೆ ತಡಮಾಡದೆ 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಹಣ ತಗಲುವುದಿಲ್ಲ.